ಸೊನ್ನೆ ಘಾತಕ್ಕೆ ಒಬ್ಬರು

ಗಣಿತ ಕಲಿಸುವವರಿಗೆ ಜನ್ಮಕ್ಕಂಟಿದ ಪ್ರಶ್ನೆಯೊಂದಿದೆ: ‘ಮಿಸ್, ಇದರಿಂದ ಏನು ಉಪಯೋಗ?’ ಹಾಲುಗೊಂಡಪುರದ ಪದವಿಪೂರ್ವ ಕಾಲೇಜಿನಲ್ಲಿ ನಾನು ಘಾತಾಂಕದ ಪಾಠ ಶುರುಮಾಡಿದಾಗಲೆಲ್ಲ ಹಿಂದಿನ ಬೆಂಚಿನಿಂದ ಇದು ಬರುತ್ತಿತ್ತು. ಮುಂದಿನ ಬೆಂಚಿನಿಂದ ಇನ್ನೊಂದು ಬರುತ್ತಿತ್ತು. ಯಾವ ಸಂಖ್ಯೆಗಾದರೂ ಸೊನ್ನೆ ಘಾತ ಹಾಕಿದರೆ ಸೊನ್ನೆ ತಾನೇ ಆಗಬೇಕು, ಒಂದು ಯಾಕೆ ಆಗುತ್ತದೆ? ಮೊದಲನೆಯದಕ್ಕೆ ನಾನು ಸೀಮೆಸುಣ್ಣ ಎಸೆಯುತ್ತಿದ್ದೆ. ಎರಡನೆಯದಕ್ಕೆ ಬೋರ್ಡಿನ ಮೇಲೆ ನಿಯಮ ಬರೆಯುತ್ತಿದ್ದೆ: ಆಧಾರ ಒಂದೇ ಇದ್ದರೆ ಗುಣಿಸುವಾಗ ಘಾತಾಂಕಗಳನ್ನು ಕೂಡಬೇಕು, ಭಾಗಿಸುವಾಗ ಕಳೆಯಬೇಕು, ಯಾವುದನ್ನಾದರೂ ಅದರಿಂದಲೇ ಭಾಗಿಸಿದರೆ ಮೇಲೆ ಸೊನ್ನೆ ಉಳಿಯುತ್ತದೆ, ಬೆಲೆ ಒಂದಾಗುತ್ತದೆ, ಮುಗಿಯಿತು, ಕೂತುಕೋ. ಮಕ್ಕಳು ಕೂರುತ್ತಿದ್ದರು. ಒಪ್ಪುತ್ತಿರಲಿಲ್ಲ.

ಈಗ ನನ್ನ ಹತ್ತಿರ ಎರಡಕ್ಕೂ ಉತ್ತರ ಇದೆ. ಅದನ್ನು ಹೇಳಿಕೊಟ್ಟವರು ಅಕ್ಷರ ಬಲ್ಲ ಗಣಿತಜ್ಞರಲ್ಲ, ಇಲಾಖೆಯ ಯಂತ್ರವೂ ಅಲ್ಲ. ನನ್ನ ಅತ್ತೆ.

ಮೊದಲು ಇಲಾಖೆಯ ಕಥೆ ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ನಮ್ಮೂರಿನಲ್ಲಿ ಕೆರೆ ಏರಿ ಒಡೆಯಿತೆಂದು ಸುದ್ದಿ ಹಬ್ಬಿತು. ಇಡೀ ಊರು ಎಮ್ಮೆ, ಟಿವಿ, ಗ್ಯಾಸ್ ಸಿಲಿಂಡರ್ ಸಮೇತ ಗುಡ್ಡ ಹತ್ತಿ ಕೂತಿತು. ಆ ವರ್ಷ ಕೆರೆಯಲ್ಲಿ ಹನಿ ನೀರಿರಲಿಲ್ಲ, ಹುಡುಗರು ಅದರೊಳಗೆ ಕ್ರಿಕೆಟ್ ಆಡುತ್ತಿದ್ದರು. ಗುಡ್ಡ ಹತ್ತಿದವರಲ್ಲಿ ಆ ಹುಡುಗರೂ ಇದ್ದರು ಎಂಬುದು ಸರ್ಕಾರವನ್ನು ಚಿಂತೆಗೆ ಹಚ್ಚಿತು. ಹೀಗೆ ವದಂತಿ ನಿಯಂತ್ರಣ ಇಲಾಖೆ ಹುಟ್ಟಿತು.

ಬೀದಿ ದೀಪದ ಕಂಬಕ್ಕೊಂದರಂತೆ ತೆಂಗಿನ ಚಿಪ್ಪಿನಷ್ಟು ಗಾತ್ರದ ಡಬ್ಬಿಗಳನ್ನು ಹೊಡೆದರು. ಅದರ ಹೆಸರು ಪಿಸುಮಾಪಕ. ಅದು ಮಾತು ಕೇಳುವುದಿಲ್ಲ. ಕೇಳಬಾರದೆಂದು ನ್ಯಾಯಾಲಯದ ಆದೇಶವಿದೆ. ಮಾತನಾಡುತ್ತಿದ್ದವರು ಇದ್ದಕ್ಕಿದ್ದಂತೆ ದನಿ ತಗ್ಗಿಸಿದರೆ, ಎರಡು ತಲೆಗಳು ಹತ್ತಿರ ಬಂದರೆ, ಅಷ್ಟನ್ನು ಮಾತ್ರ ಎಣಿಸುತ್ತದೆ. ಈ ಕಂಬದ ಕೆಳಗೆ ಕೇಳಿಸಿಕೊಂಡವರು ಮುಂದಿನ ಕಂಬದ ಕೆಳಗೆ ಯಾರ ಕಿವಿ ಕಚ್ಚಿದರು ಎಂದು ಜಾಡು ಹಿಡಿದು, ಒಂದು ಗುಟ್ಟು ಈ ಹೊತ್ತಿಗೆ ಎಷ್ಟು ಜನರ ಹೊಟ್ಟೆಯಲ್ಲಿದೆ ಎಂದು ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಗೆರೆ ಎಳೆಯುತ್ತದೆ. ಸರ್ಕಾರಿ ಕಚೇರಿಗಳ ಒಳಗೆ ಮಾತ್ರ ಡಬ್ಬಿ ಹಾಕಿಲ್ಲ. ಅಲ್ಲಿನ ಪಿಸುಮಾತು ಎಣಿಸಹೊರಟರೆ ಯಂತ್ರ ಸುಟ್ಟುಹೋಗುತ್ತದೆಂದು ಎಂಜಿನಿಯರುಗಳೇ ಬೇಡವೆಂದರಂತೆ.

ನಿರ್ದೇಶಕರಾಗಿ ಬಂದ ಕೆಂಪರಾಜು ಅವರು ಅಲ್ಲಿಯವರೆಗೆ ತೋಟಗಾರಿಕೆ ಇಲಾಖೆಯಲ್ಲಿದ್ದವರು. ಬೆಳೆಯುವುದೆಲ್ಲ ತಮಗೆ ಗೊತ್ತು ಎಂದುಕೊಂಡಿದ್ದರು. ಗೋಡೆಯ ಮೇಲಿನ ಗೆರೆ ಸ್ವಲ್ಪ ಹೊತ್ತು ನೆಲಕ್ಕೆ ಅಂಟಿಕೊಂಡಿದ್ದು ಆಮೇಲೆ ದೆವ್ವ ಮೆಟ್ಟಿಕೊಂಡಂತೆ ಚಾವಣಿಗೆ ಏಳುವುದನ್ನು ಕಂಡು ಗಾಬರಿಯಾದರು. ಕಾಲೇಜಿಗೆ ಬಂದು ನನ್ನನ್ನು ಎರವಲು ಕೇಳಿದರು. ಹೀಗೆ ಚೂಡಾಮಣಿ ಎಂಬ ನಾನು, ಸೀಮೆಸುಣ್ಣ ಬಿಟ್ಟು, ರಾಜ್ಯದ ಏಕೈಕ ಘಾತಾಧಿಕಾರಿಯಾದೆ.

ಮೊದಲ ದಿನವೇ ಅವರಿಗೆ ಪಾಠ ಮಾಡಿದೆ. ನಮ್ಮ ಬೀದಿಗಳಲ್ಲಿ ಹೂ ಮಾರುವ ಪುಟ್ಟೀರಮ್ಮ ಎಂಬಾಕೆ ಇದ್ದಾಳೆ. ಆಕೆ ಗಂಟೆಗೆ ಒಬ್ಬರಿಗೆ ಒಂದು ಗುಟ್ಟು ಹೇಳುತ್ತಾಳೆ ಎನ್ನಿ. ಗಂಟೆ ಕಳೆದರೆ ಗುಟ್ಟು ಬಲ್ಲವರು ಇಬ್ಬರು. ಇದು ಸಾಧುಗಳ ಊರಿನ ಲೆಕ್ಕ. ನಿಜವಾಗಿ ಪುಟ್ಟೀರಮ್ಮ ಅರ್ಧ ಗಂಟೆಗೇ ಅರ್ಧ ಸುದ್ದಿ ಹೇಳಿ, ಮಿಕ್ಕಿದ್ದು ಆಮೇಲೆ ಎನ್ನುತ್ತಾಳೆ. ಕೇಳಿದವಳು ಆ ಅರ್ಧವನ್ನೇ ಹಿಡಿದು ಹೊರಡುತ್ತಾಳೆ. ಆಗ ಗಂಟೆ ಮುಗಿಯುವಾಗ ಎರಡೂಕಾಲು. ಕಾಲು ಗಂಟೆಗೊಮ್ಮೆ ಕಾಲು ಸುದ್ದಿಯಾದರೆ ಸುಮಾರು ಎರಡೂವರೆ. ನಿಮಿಷಕ್ಕೊಮ್ಮೆ, ಉಸಿರಿಗೊಮ್ಮೆ ಚೂರು ಚೂರೇ ಹೊರಬಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಲಕ್ಷಕ್ಕೆ ಹೋಗುತ್ತದೆ ಎಂದು ಕೆಂಪರಾಜು ಅವರು ಮೇಜು ಹಿಡಿದುಕೊಂಡರು. ಇಲ್ಲ. ಎರಡೂಮುಕ್ಕಾಲಿನ ಹೊಸ್ತಿಲಲ್ಲಿ, 2.718ರ ಹತ್ತಿರ ನಿಂತುಬಿಡುತ್ತದೆ. ಬಾಯಿಗೆ ಬಿಡುವೇ ಕೊಡದೆ ಹೇಳಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಈ ಸಂಖ್ಯೆಗೇ ಇ ಎನ್ನುವುದು, ಸ್ವಾಭಾವಿಕ ಆಧಾರ. ಇರುವಷ್ಟಕ್ಕೆ ತಕ್ಕಂತೆ ಕ್ಷಣಕ್ಷಣವೂ ಬೆಳೆಯುವ ಯಾವುದಕ್ಕೇ ಆದರೂ ಇದೇ ಆಧಾರ. ಆಧಾರ ಮಿಸುಕುವುದಿಲ್ಲ, ಎಲ್ಲ ಆಟವೂ ಅದರ ಹೆಗಲ ಮೇಲೆ ಕೂತಿರುವ ಘಾತಾಂಕದ್ದು. ಹಬ್ಬುವ ವೇಗವನ್ನು ಹೊತ್ತಿನಿಂದ ಗುಣಿಸಿದರೆ ಬರುವುದೇ ಆ ಘಾತಾಂಕ.

“ಅಂದ್ರೆ ಮೇಲೆ ಕೂತಿರೋ ಆ ಚಿಕ್ಕದನ್ನ ಹಿಡಿದರೆ ಆಯ್ತಲ್ಲ ಮೇಡಂ,” ಎಂದರು ಕೆಂಪರಾಜು. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಇಷ್ಟು ಬೇಗ ಅರ್ಥಮಾಡಿಕೊಂಡ ವಿದ್ಯಾರ್ಥಿ ಸಿಕ್ಕಿರಲಿಲ್ಲ.

ಹಿಡಿಯಲು ಇನ್ನೊಂದು ಯಂತ್ರ ಬಂತು. ಅದರ ಹೆಸರು ಹಳಸು ಯಂತ್ರ. ಕಂಬದ ಡಬ್ಬಿಗಳಿಂದಲೇ ಕಿವಿಗೆ ಕೇಳೀ ಕೇಳಿಸದಂಥ ಒಂದು ನಾದ ಹೊರಡಿಸುತ್ತದೆ. ಅದು ಬಿದ್ದವರಿಗೆ ಒಂದು ಆಕಳಿಕೆ ಬರುತ್ತದೆ. ಆಮೇಲೆ, ಆಗತಾನೇ ಯಾರಿಂದಲೋ ಕೇಳಿದ ಸುದ್ದಿ ಹೋದ ವರ್ಷ ಕೇಳಿದ್ದೆಂಬಂತೆ ಸಪ್ಪೆಯಾಗಿ ಕಾಣುತ್ತದೆ. ಹಳೇ ಸುದ್ದಿಯನ್ನು ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ, ಹೇಳದಿದ್ದರೆ ಮರೆಯುತ್ತಾರೆ. ಏರಿದ ಘಾತಾಂಕ ಎಷ್ಟಿದೆಯೋ ಅಷ್ಟನ್ನು ಋಣ ಚಿಹ್ನೆ ಹಾಕಿ ಬಿಟ್ಟರೆ ಎರಡೂ ಕೂಡಿ ಸೊನ್ನೆಯಾಗುತ್ತದೆ. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬ ಗಾದೆಯನ್ನು ಸುಳ್ಳು ಮಾಡಿದೆವೆಂದು ನಾವು ಬೀಗುತ್ತಿದ್ದೆವು. ಇಷ್ಟೇ: ಯಂತ್ರ ಮರೆಸುವುದು ಕೇಳಿದ್ದನ್ನು ಮಾತ್ರ. ತಾನೇ ಕಂಡದ್ದನ್ನು, ತನ್ನ ಮನಸ್ಸಿನಲ್ಲೇ ಹುಟ್ಟಿದ್ದನ್ನು ಅದು ಮುಟ್ಟುವುದಿಲ್ಲ. ಯಂತ್ರ ನಡೆಸುವಾಗ ನಾವು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆವು.

ಇನ್ನು ನಮ್ಮ ಮನೆ. ಅತ್ತೆಯ ಹೆಸರು ಸಿದ್ದಗಂಗಮ್ಮ. ಮಾವ ಹೋಗಿ ಬಹಳ ವರ್ಷವಾಯಿತು. ಅತ್ತೆಯ ಮಗ, ಅಂದರೆ ನನ್ನ ಯಜಮಾನರು ಪರಶಿವಯ್ಯ, ಹಾಲಿನ ಡೇರಿಯ ಕಾರ್ಯದರ್ಶಿ. ಎದುರು ಮನೆಯಲ್ಲಿ ಮರುಳಪ್ಪ ಮೇಷ್ಟ್ರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಹೆಂಡತಿ ಇಲ್ಲ, ಒಬ್ಬಳೇ ಮಗಳು ಹೊಸಪೇಟೆಯಲ್ಲಿ. ಅವರು ದಿನವೂ ಬೆಳಿಗ್ಗೆ ನಮ್ಮ ಪೇಪರ್ ಒಯ್ದು ಸಂಜೆ ತಂದು ಕೊಡುತ್ತಾರೆ. ಕೊಡುವಾಗ ಅತ್ತೆ ಒಂದು ಡಬ್ಬಿ ಹುಚ್ಚೆಳ್ಳು ಚಟ್ನಿಪುಡಿಯೋ ಎರಡು ರೊಟ್ಟಿಯೋ ಕೊಡುತ್ತಾರೆ, ಜಗಲಿಯ ಮೇಲೆ ಒಂದಿಷ್ಟು ಹೊತ್ತು ಮಳೆಯ ಬಗ್ಗೆ ಮಾತಾಗುತ್ತದೆ. ಮಳೆ ಬರದ ತಿಂಗಳಲ್ಲೂ ಮಾತಾಗುತ್ತದೆ. ಮೇಷ್ಟ್ರ ಮನೆಗೂ ಅದೇ ಪೇಪರ್ ಬರುತ್ತದೆಂಬುದು ಇಡೀ ಬೀದಿಗೆ ಗೊತ್ತಿತ್ತು. ಊರಿನ ಗುಟ್ಟೆಲ್ಲ ಎಣಿಸುವ ನನಗೆ ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನನ್ನಂಥವರನ್ನು ನೋಡಿಯೇ.

ಈ ಊರಿನ ಒಂದು ಪದ್ಧತಿಯನ್ನೂ ಹೇಳಬೇಕು. ನಾನು ಬಳ್ಳಾರಿ ಕಡೆಯವಳು. ನಮ್ಮಲ್ಲಿ ಹೇಳುವುದಿದ್ದರೆ ಮುಖಕ್ಕೆ ಹೊಡೆದಂತೆ ಹೇಳುತ್ತೇವೆ. ಇಲ್ಲಿ ಹಾಗಲ್ಲ. ತಮ್ಮದೇ ದೊಡ್ಡ ವಿಷಯವನ್ನು ತಮ್ಮ ಬಾಯಿಂದ ಮನೆಯವರ ಮುಂದೆ ಯಾರೂ ಆಡುವುದಿಲ್ಲ. ಪಾಲು ಬೇಕಾಗಲಿ, ಸಂಬಂಧ ಬೇಕಾಗಲಿ, ಹೊರಗೆ ಒಬ್ಬರ ಕಿವಿಗೆ ಹಾಕಿ ಸುಮ್ಮನಿರುತ್ತಾರೆ. ಅದು ಊರು ಸುತ್ತಿ ಬಂದು ತಲುಪಬೇಕಾದವರನ್ನು ತಲುಪುತ್ತದೆ. ಒಪ್ಪಿಗೆಯಿದ್ದವರು ಎಲೆ ಅಡಿಕೆ ಹಿಡಿದು ಬಾಗಿಲಿಗೆ ಬರುತ್ತಾರೆ. ಒಪ್ಪಿಗೆಯಿಲ್ಲದವರು ಕಿವಿಗೇ ಬೀಳಲಿಲ್ಲವೆಂಬಂತೆ ಇದ್ದುಬಿಡುತ್ತಾರೆ. ಯಾರ ಮುಖವೂ ಕೆಡುವುದಿಲ್ಲ. ನನಗೆ ಮಾತ್ರ ಇದು ಹೇಡಿಗಳ ಸುತ್ತುದಾರಿಯಾಗಿ ಕಾಣುತ್ತಿತ್ತು. ಹಾಗೆಂದು ಅತ್ತೆಯ ಮುಂದೆ ಅಂದೂ ಇದ್ದೆ.

ಆ ದಿನ ಬೆಳಿಗ್ಗೆ ಕಚೇರಿಗೆ ಹೋದಾಗ ಯಂತ್ರ ನೋಡಿಕೊಳ್ಳುವ ಜಬೀನಾ ಗೋಡೆಯ ಮುಂದೆ ನಿಂತು ಉಗುರು ಕಚ್ಚುತ್ತಿದ್ದಳು. ಹೊಸ ಗೆರೆಯೊಂದು ಎದ್ದಿತ್ತು. ಇಂಥ ವೇಗ ಡಬ್ಬಿ ಹೊಡೆದ ಮೇಲೆ ಎಂದೂ ಕಂಡಿರಲಿಲ್ಲವಂತೆ. ಹುಟ್ಟಿದ್ದು ನಮ್ಮದೇ ಬೀದಿಯಲ್ಲಿ. ಕೆಂಪರಾಜು ಈಗಲೇ ಹಳಸಿಬಿಡೋಣ ಎಂದರು. ವಿಷಯ ಏನೆಂದು ತಿಳಿಯದೆ ಬೇಡ ಎಂದು ನಾನು ತಡೆದೆ. ಜಬೀನಾ ಟೀ ತರುತ್ತೇನೆಂದು ಕೆಳಗಿಳಿದು ಹೋದಳು. ಮಧ್ಯಾಹ್ನ ಬಂದಾಗ ಕೈಯಲ್ಲಿ ಟೀ ಇರಲಿಲ್ಲ. ನನ್ನ ಮುಖ ತಪ್ಪಿಸುತ್ತ ನಿಂತಳು. ಮೂರು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು. ಸಿದ್ದಗಂಗಮ್ಮನವರಿಗೆ ಎದುರು ಮನೆ ಮೇಷ್ಟ್ರನ್ನು ಮದುವೆಯಾಗುವ ಮನಸ್ಸಿದೆಯಂತೆ.

ಕೆಂಪರಾಜು ಕೆಮ್ಮಿದರು. ಆ ಕೆಮ್ಮಿನೊಳಗೆ ನಗು ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಗಂಡ ಸತ್ತ ಮೇಲೆ ಮಗನನ್ನು ಓದಿಸಿ, ಸೊಸೆಯನ್ನು ಕಾಲೇಜಿಗೆ ಕಳಿಸಿ ತಾವು ಅಡುಗೆ ಮಾಡಿಟ್ಟ ಹೆಂಗಸು. ಅವರನ್ನು ಈ ವಯಸ್ಸಿನಲ್ಲಿ ಟೀ ಅಂಗಡಿಯ ಬಾಯಿಗೆ ಹಾಕಿದ್ದಾರಲ್ಲ, ಯಾವ ಹಾಳು ನಾಲಿಗೆಯ ಕೆಲಸವಿದು ಎಂದು ಹಲ್ಲು ಕಡಿದೆ. ಅತ್ತೆಯ ಕಿವಿಗೆ ಬೀಳುವ ಮುಂಚೆ ಊರಿನ ಕಿವಿಯಿಂದಲೇ ಇದನ್ನು ತೊಳೆದುಹಾಕಬೇಕು. ನನ್ನ ಬುದ್ಧಿ ಆ ಹೊತ್ತಿನಲ್ಲಿ ಎಲ್ಲಿ ಮೇಯಲು ಹೋಗಿತ್ತೋ, ಅದು ನಿಜವಿರಬಹುದೆಂಬ ಯೋಚನೆಯೇ ಬರಲಿಲ್ಲ.

ಸುದ್ದಿ ಹಬ್ಬಲು ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿದಿತ್ತು. ಅಳಿಸಲು ನನಗೆ ಅಷ್ಟು ಪುರುಸೊತ್ತಿರಲಿಲ್ಲ. ವೇಗ ಇಮ್ಮಡಿ ಮಾಡಿದರೆ ಹೊತ್ತು ಅರ್ಧ ಸಾಕು, ಗುಣಲಬ್ಧ ಅದೇ. ಋಣ ಚಿಹ್ನೆ ಹಾಕಿದೆ, ಮೂವರೂ ಕಿವಿಗೆ ಹತ್ತಿ ತುರುಕಿಕೊಂಡೆವು, ನಾನೇ ಗುಂಡಿ ಒತ್ತಿದೆ. ಕಿಟಕಿಯಿಂದ ನೋಡಿದರೆ ಇಡೀ ಬಜಾರು ಸಾಲಾಗಿ ಆಕಳಿಸಿತು. ಗೋಡೆಯ ಮೇಲಿನ ಗೆರೆ ಬಾಗಿತು, ಇಳಿಯಿತು, ನೆಲ ಹಿಡಿಯಿತು. ಕೊನೆಯ ಅಂಕಿ ನಿಂತಿತು: ಒಂದು.

“ಸೊನ್ನೆ ಬರಲಿಲ್ಲವಲ್ಲ ಮೇಡಂ,” ಎಂದರು ಕೆಂಪರಾಜು. ಘಾತಾಂಕ ಸೊನ್ನೆಯಾದರೆ ಬೆಲೆ ಒಂದು, ಎಂದು ಹತ್ತಿಯ ಮೇಲಿಂದಲೇ ಕೂಗಿ ಹೇಳಿದೆ. ಆ ಒಬ್ಬರು ಯಾರು ಎಂದು ಅವರು ಬಿಡದೆ ಕೇಳಿದರು. ಡಬ್ಬಿಯಿಲ್ಲದ ಕಚೇರಿಯೊಳಗಿನ ನಾವು ಮೂವರು ಲೆಕ್ಕಕ್ಕಿಲ್ಲ; ಉಳಿದದ್ದು ಯಾರಿಂದಲೂ ಕೇಳಿಸಿಕೊಳ್ಳದವರು, ಅಂದರೆ ಹುಟ್ಟಿಸಿದವರು. ಜಬೀನಾ ಜಾಡು ಹಿಡಿದು ನೋಡಿದಳು. ಮೊದಲ ಪಿಸುಮಾತು ಎದ್ದದ್ದು ನಮ್ಮ ಮನೆಯ ಮುಂದಿನ ಕಂಬದ ಕೆಳಗೆ. ಪುಟ್ಟೀರಮ್ಮನೇ, ಇನ್ನಾರು, ಎಂದು ಚಪ್ಪಲಿ ಮೆಟ್ಟಿ ಹೊರಟೆ. ಅವಳ ಹೂವಿನ ಬುಟ್ಟಿಯನ್ನು ಅವಳ ತಲೆಗೇ ಕವುಚಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ.

ಮನೆಗೆ ಬಂದರೆ ಯಜಮಾನರು ಹಜಾರದಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ಡೇರಿಯಿಂದ ಇಷ್ಟು ಬೇಗ ಬರುವವರಲ್ಲ. ತೊಡೆಯ ಮೇಲೆ ಬೂಂದಿ ಲಾಡಿನ ಡಬ್ಬಿ, ಅದರ ಮೇಲೆ ಒಂದು ಕಟ್ಟು ವೀಳ್ಯದೆಲೆ, ಅಡಿಕೆ. ಅವನ್ನು ಬೇರೆ ಯಾರದೋ ಮಗುವನ್ನು ಕೂರಿಸಿಕೊಂಡವರಂತೆ ಹಿಡಿದಿದ್ದರು.

“ಚೂಡಿ, ಇದನ್ನ ಯಾಕೆ ತಂದೆ ಅಂತ ಗೊತ್ತಾಗ್ತಿಲ್ಲ ಕಣೆ,” ಎಂದರು. “ಡೇರಿ ಬಿಟ್ಟು ಓಡ್ಕೊಂಡ್ ಬಂದೆ. ಭಾಳ ಖುಷೀಲಿದ್ದೆ. ಬಾಗ್ಲಿಗೆ ಬರೋಷ್ಟರಲ್ಲಿ ಒಂದು ಆಕಳಿಕೆ ಬಂತು ನೋಡು, ಅಷ್ಟೆ.”

ಊರಿನ ಪದ್ಧತಿ ನೆನಪಾಯಿತು. ಲಾಡು, ವೀಳ್ಯದೆಲೆ, ಬಾಗಿಲು. ಕಿಟಕಿಗೆ ಹೋಗಿ ನೋಡಿದೆ. ಎದುರುಮನೆಯ ಗೇಟಿನೊಳಗೆ ಮರುಳಪ್ಪ ಮೇಷ್ಟ್ರು ಇಸ್ತ್ರಿ ಮಾಡಿದ ಪಂಚೆ, ಕೆನೆ ಬಣ್ಣದ ಜುಬ್ಬ ತೊಟ್ಟು ನಿಂತಿದ್ದರು. ತಮ್ಮ ಜುಬ್ಬವನ್ನು ತಾವೇ ನೋಡಿಕೊಂಡರು. ಯಾವುದೋ ಮದುವೆಗೆ ಹೊರಟು ಯಾರ ಮದುವೆಯೆಂದು ಮರೆತವರ ಹಾಗೆ ಸುತ್ತ ನೋಡಿ ಮೆಲ್ಲಗೆ ಒಳಗೆ ಹೋದರು.

ಅತ್ತೆ ಅಡುಗೆಮನೆಯಲ್ಲಿ ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಗಿಣಿಹಸಿರು ಸೀರೆ ಉಟ್ಟಿದ್ದರು. ಹಣೆಯ ವಿಭೂತಿ ಈಗತಾನೇ ಇಟ್ಟದ್ದು. ಕಣ್ಣು ಒದ್ದೆಯಾಗಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಏನಾಯಿತೆಂದು ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ನನಗೆ ಮುಖಕ್ಕೆ ಹೇಳಿದರು.

“ನಾನೇ ಹೇಳಿದ್ದು ಕಣಮ್ಮ, ಪುಟ್ಟೀರಿ ಕಿವಿಗೆ. ಸಂಜೆಗೆ ಅವ್ರ ಮಗಳು ಕಾರ್ ತರ್ತಾಳೆ, ಹೊಸಪೇಟೆಗೆ ಕರ್ಕೊಂಡ್ ಹೋಗ್ತಾಳೆ, ಇನ್ ಇಲ್ಲಿಗೆ ಬರಲ್ಲ. ಬೆಳಿಗ್ಗೆನೇ ಬಂದು ಪೇಪರ್ ಕೊಟ್ಟು, ಇನ್ಮೇಲೆ ಸಂಜೆ ಬರಲ್ಲ ಅಂದ್ರು. ಅಂದು ನಿಂತೇ ಇದ್ರು. ನಂಗೂ ಬಾಯಿ ಬರ್ಲಿಲ್ಲ. ಅದಕ್ಕೆ ಊರ ಬಾಯಿಂದ ಹೋಗ್ಲಿ ಅಂತ ಹಾಕ್ದೆ.” ಸೀರೆಯ ನೆರಿಗೆ ಸರಿಮಾಡಿಕೊಂಡರು. “ಬ್ಯಾಡ ಅನ್ನೋದಾದ್ರೆ ಕೇಳಿಸ್ಲಿಲ್ಲ ಅನ್ನೋ ಹಂಗೆ ಇದ್ದುಬಿಡ್ಬೇಕಿತ್ತು. ಪರಶಿವ ಎಲೆ ಅಡಿಕೆ ಹಿಡ್ಕೊಂಡು ಹೊಸ್ಲು ತನಕ ಬಂದ, ನನ್ ಮುಖ ನೋಡ್ದ, ಸುಮ್ನೆ ಹೋಗಿ ಕೂತ. ಅವ್ರು ಗೇಟ್ ತನಕ ಬಂದ್ರು, ತಿರುಗಿ ಹೋದ್ರು. ಬಾಗ್ಲ ತನಕ ಬಂದು ವಾಪಸ್ ಹೋಗೋದು ಎಂಥ ಬ್ಯಾಡ ಕಣಮ್ಮ ಅದು?”

ನಾನು ಅವರ ಮುಂದೆ ನೆಲಕ್ಕೇ ಕೂತೆ. ಎಲ್ಲ ಹೇಳಿದೆ. ಗೆರೆ, ಗುಂಡಿ, ಆಕಳಿಕೆ, ನನ್ನ ಸಿಟ್ಟು, ಒಂದನ್ನೂ ಬಿಡಲಿಲ್ಲ. ಅವರು ಬೇಡವೆನ್ನಲಿಲ್ಲ ಅತ್ತೆ, ಬರುತ್ತಿದ್ದರು, ನಾನೇ ಮರೆಸಿದೆ ಎಂದೆ. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಅತ್ತೆ ನನ್ನನ್ನೇ ನೋಡಿದರು. ಅವರ ಮುಖದ ಮೇಲೆ ಬಣ್ಣ ಮರಳಿ ಬರುವುದು ಕಾಣಿಸಿತು.

“ನಿನ್ ಲೆಕ್ಕಕ್ಕೆ ಬೆಂಕಿ ಹಾಕ,” ಎಂದರು. ಆಮೇಲೆ ಸೆರಗಿನಿಂದ ನನ್ನ ಕಣ್ಣನ್ನೇ ಒರೆಸಿದರು.

ಈಗಲೇ ಎದುರುಮನೆಗೆ ಹೋಗಿ ಹೇಳಿಬರುತ್ತೇನೆಂದು ಎದ್ದೆ. ಅತ್ತೆ ಕೈ ಹಿಡಿದು ಎಳೆದು ಕೂರಿಸಿದರು. ಮನೆಯವರೇ ಹೋಗಿ ಹೇಳಿದರೆ ಅದು ಅಂಗಲಾಚಿದಂತೆ. ಹಾಗೆ ಮಾಡುವುದಾದರೆ ತಾವು ಈ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎಂದರು. ಮಗನಿಗೂ ಹೇಳಕೂಡದು, ಅವನಿಗೂ ಊರೇ ಹೇಳಬೇಕು. ಹೇಡಿಗಳ ಸುತ್ತುದಾರಿ ಎಂದು ನಾನು ಹಿಂದೆ ಅಂದದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

“ಈಗ ಊರಲ್ಲಿ ಎಷ್ಟು ಜನಕ್ಕೆ ನೆನಪದೆ?” ಎಂದು ಕೇಳಿದರು.

“ಒಬ್ಬರಿಗೆ ಅತ್ತೆ. ನಿಮಗೆ ಮಾತ್ರ.”

“ಬೆಳಿಗ್ಗೆನೂ ಒಬ್ಳೇ ಇದ್ದೆನಲ್ಲ.”

ಮುಂದಿನ ಬೆಂಚಿನ ಮಕ್ಕಳೇ, ಕೇಳಿದಿರಾ? ಹೊತ್ತು ಸೊನ್ನೆ ಎಂದರೆ ಏನೂ ಇಲ್ಲವೆಂದಲ್ಲ, ಇನ್ನೂ ಶುರುವಾಗಿಲ್ಲವೆಂದು. ಶುರುವಾಗದಿದ್ದರೂ ಶುರುಮಾಡುವವರು ಒಬ್ಬರು ಇದ್ದೇ ಇರುತ್ತಾರೆ. ಆ ಒಂದು ಇಲ್ಲದಿದ್ದರೆ ಎಂಥ ಘಾತಾಂಕವನ್ನು ತಂದು ಕೂರಿಸಿದರೂ ಏನೂ ಏಳುವುದಿಲ್ಲ. ಇಷ್ಟನ್ನು ನಾನು ಬೋರ್ಡಿನ ಮೇಲೆ ಬರೆಯಲಾರದೆ ಹೋಗಿದ್ದೆ.

ಆದರೆ ಬೆಳಿಗ್ಗೆ ಇದ್ದಷ್ಟು ಹೊತ್ತು ಈಗ ಇರಲಿಲ್ಲ. ಮಗಳ ಕಾರು ಆಗಲೇ ಬಂದು ಎದುರುಮನೆಯ ಮುಂದೆ ನಿಂತಿತ್ತು. ಡ್ರೈವರ್ ಟೀ ಅಂಗಡಿಯ ಕಡೆ ನಡೆದಿದ್ದ. ಹಿಂದಿನ ಬೆಂಚಿನವರೇ, ಉಪಯೋಗ ಇಲ್ಲಿದೆ: ಹೊತ್ತು ಅರ್ಧವಾದರೆ ವೇಗ ಇಮ್ಮಡಿಯಾಗಬೇಕು. ಬೀದಿಗಿಳಿದು ಹತ್ತು ಜನಕ್ಕೆ ನಾನೇ ಸಾರಿದರೆ? ಅದರಿಂದ ಮೊತ್ತವನ್ನು ಹತ್ತರಿಂದ ಗುಣಿಸಿದಂತಾಗುತ್ತದೆ ಅಷ್ಟೇ, ಘಾತಾಂಕ ಮಿಸುಕುವುದಿಲ್ಲ. ಹತ್ತು ಸಾಧುಗಳಿಗಿಂತ ಬಾಯಿ ನಿಲ್ಲದ ಒಬ್ಬಳು ಮೇಲು. ಬುಟ್ಟಿ ಕವುಚಬೇಕೆಂದಿದ್ದ ತಲೆಯನ್ನೇ ಹುಡುಕಿಕೊಂಡು ಹೊರಟೆ. ಹೋಗುತ್ತ ಜಬೀನಾಗೆ ಫೋನ್ ಮಾಡಿ ಹಳಸು ಯಂತ್ರದ ಫ್ಯೂಸ್ ಕೀಳಲು ಹೇಳಿದೆ. ನೀವು ಮೆಟ್ಟಿಲಿಳಿದಾಗಲೇ ಕಿತ್ತು ಪರ್ಸಿನಲ್ಲಿಟ್ಟುಕೊಂಡಿದ್ದೇನೆ, ನನಗೆ ಎಲ್ಲ ನೆನಪಿದೆ, ಮದುವೆಗೆ ಕರೆಯದಿದ್ದರೆ ನೋಡಿ, ಎಂದಳು ಜಬೀನಾ.

ಪುಟ್ಟೀರಮ್ಮ ನಮ್ಮ ಕಂಬದ ಕೆಳಗೇ ಕೂತು ಕನಕಾಂಬರ ಕಟ್ಟುತ್ತಿದ್ದಳು. ನಾನು ಆಕೆಯ ಮುಂದೆ ನೆಟ್ಟಗೆ ನಿಂತು, ಕ್ಲಾಸಿನಲ್ಲಿ ಹೇಳುವಂತೆ ಗಟ್ಟಿಯಾಗಿ, ನಮ್ಮ ಅತ್ತೆಯವರಿಗೆ ಮರುಳಪ್ಪ ಮೇಷ್ಟ್ರನ್ನು ವಿವಾಹವಾಗುವ ಇಚ್ಛೆ ಇದೆ ಎಂದು ತಿಳಿಸಿದೆ. ಪುಟ್ಟೀರಮ್ಮ ತಲೆ ಎತ್ತಿ ನೋಡಿ ಮತ್ತೆ ಹೂವಿಗೆ ದಾರ ಸುತ್ತಿದಳು. ಸರ್ಕಾರದೋರು ಬಂದು ಹೇಳ್ತಾರೆ ಅಂದ್ರೆ ಅದು ಸುಳ್ಳೇ ಇರಬೇಕು, ಏನಕ್ಕೋ ಪರೀಕ್ಷೆ ಮಾಡ್ತಾವ್ರೆ ಅಂದುಕೊಂಡೆ, ಎಂದು ಆಮೇಲೆ ಹೇಳಿದಳು. ಜನ್ಮದಲ್ಲಿ ಚಾಡಿ ಮಾತಾಡಿ ಗೊತ್ತಿಲ್ಲದವಳು ನಾನು; ಅದಕ್ಕೂ ಒಂದು ಕಲೆ ಬೇಕೆಂದು ಆಗ ತಿಳಿಯಿತು. ಕಾರಿನ ಡಿಕ್ಕಿಗೆ ಮೇಷ್ಟ್ರ ಟ್ರಂಕು ಏರುವುದು ಕಾಣಿಸುತ್ತಿತ್ತು.

ಇಲಾಖೆಯ ಅಂಕಿಗಳನ್ನು ನೆನೆಸಿಕೊಂಡೆ. ಯಾವ ಮಾತು ಸೇರಿದರೆ ಗುಟ್ಟಿನ ವೇಗ ಅತಿ ಹೆಚ್ಚಾಗುತ್ತದೆಂದು ನಾನೇ ವರದಿ ಬರೆದಿದ್ದೆ. ಆಚೆ ನೋಡಿದೆ, ಈಚೆ ನೋಡಿದೆ. ಸೆರಗು ಬಾಯಿಗೆ ಅಡ್ಡ ಹಿಡಿದೆ. ಕುಕ್ಕರಗಾಲಲ್ಲಿ ಅವಳ ಪಕ್ಕ ಕೂತು ಕಿವಿಯ ಹತ್ತಿರ ಬಾಗಿದೆ.

“ಪುಟ್ಟೀರಮ್ಮ, ನಿಮಗೊಬ್ಬರಿಗೇ ಹೇಳಿದ್ದು. ನಮ್ಮ ಮನೇಲೂ ಯಾರಿಗೂ ಗೊತ್ತಿಲ್ಲ. ದಮ್ಮಯ್ಯ, ಯಾರ ಹತ್ರಾನೂ ಬಾಯಿ ಬಿಡಬೇಡಿ.”

ದಾರ ಸುತ್ತುತ್ತಿದ್ದ ಕೈ ನಿಂತಿತು. ತಲೆಯ ಮೇಲಿನ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ನಾನ್ಯಾಕೆ ಬಾಯಿ ಬಿಡಲಿ ಅಂತೀನಿ, ಎಂದು ಪುಟ್ಟೀರಮ್ಮ ಬುಟ್ಟಿ ಎತ್ತಿಕೊಂಡಳು. ಅರ್ಧ ಕಟ್ಟಿದ ಮಾಲೆ ಅಲ್ಲೇ ಉಳಿಯಿತು.

ಜಗಲಿಗೆ ಬಂದು ಕೂತೆ. ಇಷ್ಟು ದಿನ ಗೋಡೆಯ ಮೇಲೆ ಗೆರೆಯಾಗಿ ನೋಡಿದ್ದನ್ನು ಆ ಸಂಜೆ ಬೀದಿಯಲ್ಲಿ ಕಣ್ಣಾರೆ ಕಂಡೆ. ಮೊದಲು ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಟಿಂಗ್ ಶಾಪಿನಲ್ಲಿ ಎರಡು ತಲೆ ಕೂಡಿದವು. ಅಕ್ಕಿ ಗಿರಣಿಯ ಮುಂದೆ ನಾಲ್ಕು. ನಲ್ಲಿಯ ಹತ್ತಿರ ಕೊಡಗಳು ತುಂಬಿ ಹರಿದರೂ ಯಾರೂ ತಿರುಗಿ ನೋಡಲಿಲ್ಲ. ಕಂಬದಿಂದ ಕಂಬಕ್ಕೆ ಹಸಿರು ದೀಪ ಹತ್ತುತ್ತ ಹೋಯಿತು. ಆದರೆ ಮೇಷ್ಟ್ರ ಮನೆಯ ಕಡೆ ಒಂದು ನರಪಿಳ್ಳೆಯೂ ಹೋಗಲಿಲ್ಲ. ಮೇಷ್ಟ್ರು ಬಾಗಿಲಿಗೆ ಬೀಗ ಹಾಕಿದರು, ಎಳೆದು ನೋಡಿದರು, ಕಾರಿನ ಹತ್ತಿರ ಬಂದರು. ಕೇಳಿದ್ದು ಅವರಿಗೆ ಮರೆತಿತ್ತು, ಕಂಡದ್ದು ಮರೆತಿರಲಿಲ್ಲ. ನಮ್ಮ ಕಿಟಕಿಯ ಕಡೆ ಒಮ್ಮೆ ನೋಡಿಯೇ ಬಾಗಿಲಿಗೆ ಕೈ ಹಾಕಿದರು. ಕಿಟಕಿಯ ಒಳಗೆ ಅತ್ತೆ ನಿಂತಿದ್ದರು. ಅವರ ಬಳೆ ಸರಳಿಗೆ ತಾಗಿ ಸದ್ದಾಯಿತು.

ಅಷ್ಟರಲ್ಲಿ ಟೀ ಅಂಗಡಿಯಿಂದ ಕಾರಿನ ಡ್ರೈವರ್ ಬಂದ. ಹೊಸಪೇಟೆಯವನು, ನಮ್ಮೂರು ನೋಡಿದ್ದೇ ಅಂದು, ಕುಡಿದದ್ದು ಒಂದು ಲೋಟ ಟೀ. ಬಂದವನೇ ಮೇಷ್ಟ್ರ ಮಗಳನ್ನು ಕಾರಿನ ಹಿಂದಕ್ಕೆ ಕರೆದ. ಇಬ್ಬರ ತಲೆ ಕೂಡಿದವು. ಮಗಳು ಮೊದಲು ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ನಮ್ಮ ಮನೆಯ ಕಡೆ ನೋಡಿದಳು, ಅಪ್ಪನ ಜುಬ್ಬ ನೋಡಿದಳು. ಹತ್ತಿರ ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿ, ಡಿಕ್ಕಿ ತೆಗೆದು ಟ್ರಂಕನ್ನು ತಾನೇ ಕೆಳಗಿಳಿಸಿದಳು. ಬಂಗಾರದಂಥ ಹುಡುಗಿ.

ಮೇಷ್ಟ್ರು ಬೀಗ ತೆಗೆದು ಒಳಗೆ ಹೋದರು. ಹೊರಗೆ ಬರುವಾಗ ಕೈಯಲ್ಲಿ ಪೇಪರ್ ಇತ್ತು. ಬೀದಿ ದಾಟಿ ಬಂದು ಜಗಲಿಯ ಕೆಳಗೆ ನಿಂತರು. ನಾನು ಅಲ್ಲಿ ಕೂತಿರುವುದು ಅವರ ಕಣ್ಣಿಗೆ ಬೀಳಲೇ ಇಲ್ಲ. ಅತ್ತೆ ಬಾಗಿಲಿಗೆ ಬಂದಿದ್ದರು.

“ಪೇಪರ್ ಕೊಟ್ಟು ಹೋಗೋಣ ಅಂತ,” ಎಂದರು ಮೇಷ್ಟ್ರು.

“ಬೆಳಿಗ್ಗೆನೇ ಕೊಟ್ರಲ್ಲ.”

“ಅದು ನಿಮ್ದು. ಇದು ನಮ್ಮನೇದು.”

ಅತ್ತೆ ಪೇಪರ್ ತೆಗೆದುಕೊಂಡು ಮಡಿಕೆ ಸರಿಮಾಡಿದರು. ಮೇಲಿದ್ದ ಪತ್ರಿಕೆಯ ಹೆಸರು ನೋಡಿದರು.

“ಎರಡು ಮನೆಗೂ ಒಂದೇ ಪೇಪರ್ ಬರೋವಾಗ ಎರಡ್ಯಾಕೆ,” ಎಂದರು. “ಒಂದನ್ನ ನಿಲ್ಸಿಬಿಡಿ.”

ಒಳಗೆ ಯಜಮಾನರ ಫೋನ್ ಬಡಿದುಕೊಂಡಿತು. ಡೇರಿಯವರಿರಬೇಕು. ಆಮೇಲೆ ಕುರ್ಚಿ ಬಿದ್ದ ಸದ್ದು, ಅವ್ವಾ ಎಂದು ಕೂಗುತ್ತ ಲಾಡಿನ ಡಬ್ಬಿ ಹಿಡಿದು ಓಡಿಬಂದವರ ಸದ್ದು. ವೀಳ್ಯದೆಲೆ ಬಾಗಿಲಿನುದ್ದಕ್ಕೂ ಚೆಲ್ಲಿತು. ನನಗೆ ಮತ್ತೆ ಅಳು ಬಂತು, ಈ ಸಲ ಒರೆಸಲು ಯಾರಿಗೂ ಪುರುಸೊತ್ತಿರಲಿಲ್ಲ.

ಆಗ ನನ್ನ ಫೋನೂ ಬಡಿದುಕೊಂಡಿತು. ಕೆಂಪರಾಜು. ಗೋಡೆಯ ಮೇಲೆ ಹೊಸ ಗೆರೆಯೊಂದು ಎದ್ದಿದೆ, ಬೆಳಗಿನದಕ್ಕಿಂತ ಕಡಿದಾಗಿದೆ, ಹಳಸು ಯಂತ್ರದ ಫ್ಯೂಸ್ ಕಾಣೆಯಾಗಿದೆ, ಜಬೀನಾ ಕೇಳಿದರೆ ನಗುತ್ತಾಳೆ, ಗೆರೆ ಇನ್ನೇನು ಚಾವಣಿ ಮುಟ್ಟುತ್ತದೆ ಮೇಡಂ, ಏನಂತೆ ಸುದ್ದಿ, ಎಂದು ಒಂದೇ ಉಸಿರಿನಲ್ಲಿ ಕೇಳಿದರು.

ನಾನು ಬಾಯೊಳಗಿದ್ದ ಲಾಡನ್ನು ಮೊದಲು ನುಂಗಿದೆ.

“ಅದಾ? ಹಳೇ ಸುದ್ದಿ, ಬಿಡಿ ಸಾರ್,” ಎಂದೆ.